ನಾನು ಅಸ್ಯೂಮ್ ಮಾಡೋನಲ್ಲ

ಹೊಡೀಲಿ ಬಿಡು ಹರಿಣಿ. ಹಾರ್ನ್ ಇರೋದೇ ಹೊಡೆಯೋಕೆ. ಈ ದೇಶದಲ್ಲಿ ಯಾರೂ ಹಾರ್ನ್ ಹೊಡೆಯಲ್ಲ ಅಂತ ನಿನ್ನ ಗಂಡ ಹೇಳ್ತಿದ್ದ. ಹೊಡೆದನಲ್ಲ ಈಗ. ಕೊಬ್ಬು.

ಡ್ಯಾಶ್‌ಬೋರ್ಡ್ ಯಾಕೆ ಹಿಡ್ಕೊಂಡಿದ್ದೀಯ? ಓಡಿಸ್ತಿರೋದು ನಾನು. ಬಿಡು.

ಎಲ್ಲಿಗೆ ಬಂದಿದ್ದೆ... ಹಾಂ, ಲೈಬ್ರರಿ ಕ್ಲಾಸು. ಮುದುಕರಿಗೆಲ್ಲ ಇಂಗ್ಲಿಷ್ ಕಲಿಸ್ತಾಳಂತೆ ಆ ಮಿಸೆಸ್ ಕೋಲ್. ಬೋರ್ಡಿನ ಮೇಲೆ ಏನೋ ಗೀಚಿದಳು. ಓದೋ ಹಾಗೆ ಬರೆಯೋದು ಇವರಿಗೆ ಯಾರೂ ಕಲಿಸಿಲ್ಲ. ಆಮೇಲೆ ಬಾಯಲ್ಲಿ ಹೇಳಿದಳು: ಇವತ್ತಿನ ಪದ ಅಸ್ಯೂಮ್, ಅಂದರೆ ಖಾತ್ರಿ ಮಾಡ್ಕೊಳ್ಳದೆ ಹೀಗೇ ಇರಬೇಕು ಅಂದುಕೊಳ್ಳೋದು. ದಿನಾ ಆಡೋ ಮಾತಲ್ಲಿ ಅದನ್ನ ಸೇರಿಸಿ ಎಲ್ಲರೂ ಒಂದೊಂದು ವಾಕ್ಯ ಹೇಳಿ ಅಂದಳು.

ನಮ್ಮ ಖಾತೂನ್ ಎದ್ದರು. ಅದೇ, ಶಿವಾಜಿನಗರದವರು. 'ಐ ಅಸ್ಯೂಮ್ ಮೈ ಸನ್ ಲೈಕ್ಸ್ ಮೈ ಕುಕಿಂಗ್' ಅಂದರು. ಚಪ್ಪಾಳೆ. ಮಗ ಮನೇಲೇ ಇದ್ದಾನೆ, ಕೇಳೋಕೇನು ಧಾಡಿ? ಆ ಚೀನಾದ ಮುದುಕ ಇನ್ನೂ ವಾಸಿ. 'ಐ ಅಸ್ಯೂಮ್ ಇಟ್ ಈಸ್ ರೇನಿಂಗ್' ಅಂದ. ಕೂತಿರೋದು ಕಿಟಕಿ ಪಕ್ಕದಲ್ಲಿ. ಕತ್ತು ತಿರುಗಿಸಿದ್ದರೆ ಮುಗೀತಿತ್ತು. ಅವನಿಗೂ ಚಪ್ಪಾಳೆ.

ಯಾಕೆ ನಗ್ತೀಯ? ನಗೋ ವಿಷಯ ಅಲ್ಲ ಇದು.

ನನ್ನ ಸರದಿ ಬಂತು. 'ಐ ಡು ನಾಟ್ ಅಸ್ಯೂಮ್' ಅಂದೆ. ಕೂತೆ. ವೆರಿ ಗುಡ್ ಸೂರ್ಯ, ಇನ್ನೂ ಸ್ವಲ್ಪ ಹೇಳಿ ಅಂದಳು. ಇನ್ನೇನು ಹೇಳೋದು? ಅಷ್ಟೇ.

ವಿದ್ಯುತ್ ಮಂಡಳಿಯಲ್ಲಿ ಕೂದಲು ಬೆಳ್ಳಗಾಯ್ತು ನನಗೆ. ಲೈನಿನಲ್ಲಿ ಕರೆಂಟ್ ಇರಲ್ಲ ಅಂತ ಅಂದುಕೊಂಡು ಕಂಬ ಹತ್ತಿದವನನ್ನ ಹಗ್ಗ ಕಟ್ಟಿ ಇಳಿಸಬೇಕಾಗುತ್ತೆ. ಮುಟ್ಟೋ ಮೊದಲು ಟೆಸ್ಟ್ ಮಾಡು. ಫ್ಯೂಸ್ ಕಿತ್ತು ನಿನ್ನ ಜೇಬಿಗೆ ಹಾಕ್ಕೊಂಡು ಹತ್ತು. ಕಂಬದ ಬುಡದಲ್ಲಿ ಇಟ್ಟು ಹೋಗಬೇಡ, ಯಾವನೋ ಪುಣ್ಯಾತ್ಮ ಎತ್ತಿ ವಾಪಸ್ ಸಿಕ್ಕಿಸಿ ಕರೆಂಟ್ ಬಿಟ್ಟುಬಿಡ್ತಾನೆ. ಹುಡುಗರಿಗೆ ಇಷ್ಟೇ ಹೇಳ್ತಿದ್ದೆ. ನನ್ನ ಕೈಕೆಳಗೆ ಒಬ್ಬನೂ ಸಾಯಲಿಲ್ಲ.

ಅಸ್ಯೂಮ್ ಅಂತೆ. ಸೋಮಾರಿಗಳ ಮಾತು.

ಸೋಮವಾರದ್ದಾ? ಎಷ್ಟು ಸಲ ಹೇಳಲಿ. ನೀನು ನೆಮ್ಮದಿಯಾಗಿ ಹೊಸ ಕೆಲಸಕ್ಕೆ ಹೋಗು. ಯಾಮಿನೀನ ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿ, ಸ್ಕೂಲಿಗೆ ಬಿಟ್ಟು ಬರೋದು ನಾನು. 'ತಾತಾ, ಯೂ ಡ್ರೈವ್ ಮಿ' ಅಂತ ಅವಳೇ ಹೇಳಿದ್ದಾಳೆ. ಈ ಊರಲ್ಲಿ ನನಗೆ ಅಂತ ಒಪ್ಪಿಸಿರೋ ಕೆಲಸ ಅದೊಂದೇ.

ನಿಲ್ಲಿಸಬೇಕಾ? ಇಲ್ಯಾಕೆ? ಮನೆ ಇನ್ನೂ ಮುಂದೆ. ಏನಾದರೂ ಮರೆತು ಬಂದೆಯಾ? ಸರಿ, ಪಕ್ಕಕ್ಕೆ ಹಾಕಿದೆ. ಇಳೀತೀಯಾ?

ಯಾವ ಬೋರ್ಡು? ಎದುರಿಗಿರೋದಾ? ನೀನೇ ಓದ್ಕೋ.

ನಾನೇ ಓದಬೇಕಾ. ಏನಿದು, ಮಿಸೆಸ್ ಕೋಲ್ ಕ್ಲಾಸಾ? ಅದು ಚರ್ಚಿನ ಬೋರ್ಡು. ಭಾನುವಾರ ಎಲ್ಲರೂ ಬನ್ನಿ ಅಂತ. ಇಲ್ಲಿರೋದು ಅದೊಂದೇ. ಅದೇ ಇರಬೇಕು.

...ಅಲ್ವಾ?

ರಸ್ತೆ ಮುಚ್ಚಿದೆ ಅಂತಾ? ಯಾವಾಗ ನೆಟ್ಟರು? ಹೇಳದೆ ಕೇಳದೆ ಅಗೆಯೋದು ಇಲ್ಲೂ ಶುರುವಾಯ್ತಾ. ಬೆಳಕು ಕಣ್ಣಿಗೆ ಹೊಡೀತಿದೆ, ಅದಕ್ಕೇ ಅಕ್ಷರ ಮಂಜುಮಂಜಾಗಿ ಕಾಣ್ತಿದೆ. ಕನ್ನಡಕವೂ ಒರೆಸಿಲ್ಲ.

ಯಾಕೆ ಆಕಾಶ ನೋಡ್ತೀಯ?

ಬಿಸಿಲಿಲ್ಲ. ಗೊತ್ತು. ಬೆಳಗ್ಗಿಂದ ಮೋಡ.

ಆಗ ಹಾರ್ನ್ ಹೊಡೆದನಲ್ಲ... ಅಲ್ಲೂ ಏನಾದರೂ ಇತ್ತಾ? ಸ್ಟಾಪ್ ಬೋರ್ಡಾ? ಆ ತಿರುವಿನಲ್ಲಿ ಯಾವತ್ತೂ ಇರಲಿಲ್ಲ. ನನಗೆ ಈ ರಸ್ತೆ ಬಾಯಿಪಾಠ, ಹರಿಣಿ. ದೊಡ್ಡ ಮರ ಬಂದರೆ ಎಡಕ್ಕೆ. ಪೆಟ್ರೋಲ್ ಬಂಕಿನ ಕೆಂಪು ಕಂಡರೆ ಬಲಕ್ಕೆ. ಮುಂದಿನ ಕಾರು ನಿಂತರೆ ನಾನೂ ನಿಲ್ತೀನಿ. ಮುಂದೆ ಕಾರು ಇಲ್ಲದಿದ್ದರೆ...

ಇಲ್ಲದಿದ್ದರೆ ಹೋಗ್ತೀನಿ.

ಹೇಳಿದ್ದೀಯಾ ನಿನ್ನ ಗಂಡನಿಗೆ? ಅವಿನಾಶನಿಗೆ ಗೊತ್ತಾ?

ನನ್ನ ಕಾರು ಕೆಟ್ಟಿದೆ ಮಾವ, ನಿಮ್ಮ ಜೊತೆ ಬರ್ತೀನಿ ಅಂದೆಯಲ್ಲ. ಕೆಟ್ಟಿಲ್ಲ, ಅಲ್ವಾ? ಮನೆ ಮುಂದೆ ಚೆನ್ನಾಗೇ ನಿಂತಿದೆ.

ನೇರವಾಗಿ ಬೈಯಬಾರದಿತ್ತಾ? ಬೈದಿದ್ದರೆ ನಾನೂ ನಾಲ್ಕು ಮಾತು ಬೈತಿದ್ದೆ.

ಹೂಂ. ಮಗೂನ ಕೂರಿಸೋ ಮೊದಲು ಟೆಸ್ಟ್ ಮಾಡಿದ್ದೀಯ. ನನ್ನ ಹುಡುಗರಲ್ಲಿ ಅರ್ಧ ಜನಕ್ಕೆ ಆ ಬುದ್ಧಿ ಇರಲಿಲ್ಲ.

ಈ ಕಡೆ ಬಾ. ಸೀಟು ಮುಂದಕ್ಕೆ ಎಳ್ಕೋ, ನಿನ್ನ ಕಾಲು ಎಟುಕಲ್ಲ. ತಗೋ ಕೀ.

ಮನೆಗೆ ಹೋದಮೇಲೆ ಅದನ್ನ ಬಾಗಿಲ ಹತ್ತಿರ ಮೊಳೆಗೆ ನೇತುಹಾಕಬೇಡ. ಸೋಮವಾರ ಬೆಳಗ್ಗೆ ಅವಳು ಬ್ಯಾಗ್ ಹಾಕ್ಕೊಂಡು ಬಂದು ತಾತಾ ಅಂದರೆ, ನನ್ನ ಕೈ ಸುಮ್ಮನಿರಲ್ಲ.

ನಿನ್ನ ಜೇಬಿನಲ್ಲಿ ಇಟ್ಕೋ.