ಮೂವತ್ತೊಂಬತ್ತಕ್ಕೆ ನಿಂತ ಕಂಪ್ಯೂಟರ್

ಬೇರೆಯವರ ಮಾತನ್ನು ಕದ್ದು ಕೇಳಿ ಬರೆಯುವುದು ತಪ್ಪು; ಕ್ಷಮಿಸಬೇಕು. ಹಾಸನದ ಬಸ್ ನಿಲ್ದಾಣದಲ್ಲಿ, ನಮಗೆ ಸಂಜೆ ಕಂಪ್ಯೂಟರ್ ಕಲಿಸುವ ಜಯಂತ್ ಮೇಷ್ಟ್ರನ್ನು ದುದ್ದದ ರೈತರೊಬ್ಬರು ಹಿಡಿದು ನಿಲ್ಲಿಸಿದ್ದರು.

“ಮನೆ ಕಂಪ್ಯೂಟರಿಗೆ ವಿಂಡೋಸ್ ಆಕ್ತಾ ಇವ್ನಿ ಸಾ. ಮೂರು ಸಲನೂ ಮೂವತ್ತೊಂಬತ್ತು ಪರ್ಸೆಂಟಿಗೇ ನಿಂತೋಯ್ತು.”

“ಸೀಡಿ ಮೇಲೆ ಗೀರು ಬಿದ್ದಿದೆಯಾ, ಕಾಂತರಾಜು?”

“ಒಸಾದು ಸಾ. ಆಯುಧಪೂಜೇಲಿ ಪೂಜೇನೂ ಮಾಡಿದ್ವಿ.”

“ಕುಂಕುಮ ಎಲ್ಲಿಗಿಟ್ರಿ?”

“ಒಳೆಯೋ ಕಡೀಕೆ. ಇನ್ನೇನು ಬೆನ್ನಿಗೆ ಇಕ್ತಾರಾ?”

ಮೇಷ್ಟ್ರು ನಕ್ಕರು. “ಕಂಪ್ಯೂಟರ್ ಓದೋದೇ ಆ ಕಡೆಯಿಂದ ಕಣ್ರೀ! ಮೆತ್ತನೆ ಬಟ್ಟೇಲಿ ಒರೆಸಿ, ಸರಿಹೋಗುತ್ತೆ.”

“ಒರೆಸ್ತೀನಿ. ಆದ್ರೆ ಕಂಪ್ಯೂಟರೊಳಗೆ ನಮ್ಮವ್ವನ ಫೋಟೊ ಐತೆ ಸಾ. ಕಾಗ್ದದ್ದನ್ನ ಗೆದ್ಲು ತಿಂದ್ಬುಡ್ತು, ಈಗಿರೋದು ಅದೊಂದೇಯ.”

ಮೇಷ್ಟ್ರ ನಗು ನಿಂತಿತು. “ಫಾರ್ಮ್ಯಾಟ್ ಮಾಡಲಾ ಅಂತ ಕೇಳಿರಬೇಕಲ್ಲ?”

“ಕೇಳ್ತು. ಊಂ ಅಂತ ಒತ್ತಿದೆ.”

“ಸಿ ಡ್ರೈವ್ ಒಂದೇ ಅಳಿಸಿರುತ್ತೆ. ಫೋಟೊ ಡಿ ಡ್ರೈವಲ್ಲಿದ್ರೆ ಉಳಿದಿರುತ್ತೆ. ಎಲ್ಲಿತ್ತು?”

“ಇಕ್ಕಿದ್ದು ನನ್ ಮಗಳು ಧನ್ಯಾ. ಅವಳಿಗೇ ಗೊತ್ತು.”

“ಹಾಗಾದ್ರೆ ಅವಳನ್ನ ಕೇಳೋವರೆಗೂ ಏನೂ ಒತ್ತಬೇಡಿ.”

“ಏನಂತ ಕೇಳ್ಲಿ ಸಾ? ನಿಮ್ಮಜ್ಜಿ ಎಲ್ಲವ್ಳೆ ಅಂತಲಾ?”

ಅಷ್ಟರಲ್ಲಿ ದುದ್ದದ ಬಸ್ಸು ಬಂತು, ಕಾಂತರಾಜು ಹತ್ತಿ ಹೋದರು. ಆ ಫೋಟೊ ಉಳಿಯಿತೋ ಇಲ್ಲವೋ, ನನಗೆ ಇಂದಿಗೂ ತಿಳಿಯದು.