ಗೌರವ್ವನ ಕಳಿಸಿದ ಕೆರಿ

…ಇಲ್ಲ, ಮೊದಲ ಆ ಕುಡಗೋಲ ಕೆಳಗ ಇಡ. ಇಡ ಬೇ ಕೋಮಲಾ. ಅತ್ತಿಗೊಂದ ಕಾಲ, ಸೊಸಿಗೊಂದ ಕಾಲ ಅಂತಾರ, ನಿನ್ನ ಕಾಲ ಇಷ್ಟ ಲಗೂ ಬಂತೇನ? ನಿನ್ನಿ ಕಾಲಿಗಿ ಬೇರ ಸುತ್ತಿ ಮುಳಗಿದ್ದಿ. ಪಕ್ಷಿಧಾಮದ ಗಾರ್ಡ ಜಕ್ಕಪ್ಪ ಹಗ್ಗ ಒಗೀಲಿಲ್ಲಂದ್ರ ಇವತ್ತ ನಾ ಯಾರ ಕೂಡ ಮಾತಾಡತಿದ್ನಿ? ಇವತ್ತ ಮತ್ತ ಹೊಂಟಾಳ, ನಡಮಟ ನೀರಿಗಿ.

ಕೂಡ ಇಲ್ಲೆ, ಒಡ್ಡಿನ ಮ್ಯಾಲ. ಭಕ್ರಿ ತಂದೇನಿ, ಪುಂಡಿಪಲ್ಯ ಐತಿ. ತಿನ್ನೂದಿಲ್ಲ? ಆತ, ಗಂಟ ಬಿಚ್ಚೂದಿಲ್ಲ.

ಕೈ ತೋರಸ. ಅಯ್ಯ ನನ್ನವ್ವಾ, ಬೆರಳ ಹ್ಯಾಂಗ ಬಿಳಚ್ಯಾವ ನೋಡ. ತುರಸತಾವಿಲ್ಲ? ಈ ಜಲಪರ್ಣಿ ಕಳೆ ನಿನ್ನ ಕೈಲೆ ಕೊಯ್ದ ಮುಗಿಯೂದಲ್ಲ. ಅರಣ್ಯ ಇಲಾಖೆಯವ್ರು ಜೆಸಿಬಿ ತಂದ್ರು, ಕಿತ್ತ ಕಿತ್ತ ಒಡ್ಡಿನ ಮ್ಯಾಲ ಗುಡ್ಡಿ ಹಾಕಿದ್ರು, ಫೋಟೋ ತಗಸ್ಕೊಂಡ ಹೋದ್ರು. ಒಂದ ಮಳಿಗಿ ಮತ್ತ ಈ ದಂಡಿಯಿಂದ ಆ ದಂಡಿಗಿ ಹಸರ. ಒಂದ ತುಂಡ ಉಳದ್ರ ಸಾಕಂತ. ಬೀಜ ಕೆಸರಿನ್ಯಾಗ ವರ್ಸಗಟ್ಲೆ ಮಲಗಿರ್ತಾವಂತ. ಪಕ್ಷಿಧಾಮ ಅಂತ ಬೋರ್ಡ ಹಾಕ್ಯಾರ, ಪಕ್ಷಿ ಎಲ್ಲೈತಿ? ಚಳಿಗಾಲದ ಬಾತು ಬಂದ್ವು, ಮ್ಯಾಲ ಒಂದ ಸುತ್ತ ಹೊಡದ್ವು, ನೀರ ಕಾಣಲಿಲ್ಲ, ಹೋದ್ವು. ನಮ್ಮ ಎಮ್ಮಿನೂ ಇಳಿಯೂದಿಲ್ಲ ಈಗ. ಹೋಗ್ಲಿ ಬಿಡ. ಕೆರಿ ಸತ್ತೈತಿ. ಸತ್ತದ್ದರ ಹಿಂದ ಇದ್ದವರ ಯಾಕ ಹೋಗಬೇಕ?

ಯಾಕ ತಲಿ ಅಲ್ಲಾಡಸ್ತಿ?

ಯಾರ ಏನಂದ್ರ ನಿನಗ? ಯಾರೂ ಅಂದಿಲ್ಲ. ಈ ಕಳೆ ಎಲ್ಲಿಂದ ಬಂತು ಅಂತ ಊರ ಹಿರ್ಯಾ ಬಾಳಾಸಾಬ ಕೇಳಿದಾಗ ನಾನ ಎದ್ದ ನಿಂತ ಹೇಳೇನಿ, ಮಹಾಪೂರ ಬಂದಿತ್ತಲ್ಲ, ದೂಧಗಂಗಾ ತಂದ ಹಾಕೇತಿ ಅಂತ. ಎಲ್ಲಾರೂ ಹೂಂ ಅಂದ್ರು. ಮುಗೀತ. ಹೊಳಿ ಮ್ಯಾಲ ಯಾರ ಕೇಸ ಹಾಕ್ತಾರ?

ಹಂಗ್ಯಾಕ ಇಳಿಜಾರ ಕಡೆ ನೋಡ್ತಿ… ಹೌದ, ಕೆರಿ ಎತ್ತರದಾಗ ಐತಿ. ಹೊಳಿ ಅಲ್ಲೆ ಕೆಳಗ, ಭೋಜ ಊರ ಕಡೆ. ಪೂರದ ನೀರ ಇಲ್ಲಿಮಟ ಏರೂದಿಲ್ಲ, ಖರೆ. ಹಂಗಾರ ಹಕ್ಕಿ ಕಾಲಿಗಿ ಹತ್ತಿ ಬಂದಿರಬೇಕ. ಇಲ್ಲಾ ಮೀನ ಹಿಡಿಯವರ ಬಲಿಯೊಳಗ… ಯಾರರೆ ತಂದಿರಬೇಕ. ಊರಾಗ ಏನ ಮಂದಿ ಕಡಿಮಿ ಅದಾರ?

ಮಾತಾಡ ಬೇ. ಬೇಕಾರ ನನಗ ಬೈಯ್.

…

ಗೊತ್ತಿತ್ತ. ಹಂಗ ನೋಡಬ್ಯಾಡ. ಮೊದಲಿಂದನೂ ಗೊತ್ತಿತ್ತ ನನಗ.

ನಿನ್ನ ಮದುವಿ ಆದ ಮೊದಲನೇ ಗೌರಿ ಹಬ್ಬ ಅದು. ತವರಮನಿ ಅಂಕಲಿಯಿಂದ, ಕೃಷ್ಣಾ ದಂಡಿಯಿಂದ, ಗೌರವ್ವ ಅಂತ ಪೂಜಾಕ್ಕ ಕುಂಡ್ರಸಾಕ, ತಂಬಿಗಿಯೊಳಗ ಇದ ನೇರಳಿ ಬಣ್ಣದ ಹೂವಿನ ಜಲಪರ್ಣಿ ಗಿಡ ಇಟಗೊಂಡ ಬಂದಿದ್ದಿ. ಎಲ್ಲಾರ ಗೌರಿಗಿಂತ ನಮ್ಮ ಮನಿ ಗೌರವ್ವ ಚಂದ ಅಂತ ಓಣಿ ತುಂಬ ಹೇಳಕೋತ ತಿರಗಿದಾಕಿ ನಾನ. ಮೂರನೇ ದಿನ ಹಾಡ ಹೇಳಿ ಇದ ದಂಡಿ ಮ್ಯಾಲ ನೀರಿಗಿ ಕಳಿಸಿದ್ವಿ. ಎಲ್ಲಾರ ಗೌರಿ ಮುಳಗಿದ್ವು. ನಮ್ಮದ ತೇಲಕೋತ ನಡು ಕೆರಿಗಿ ಹೋತು. ದೇವಿ ಒಲದಾಳ ಅಂತ ನಾ ಕೈ ಮುಗದ್ನಿ, ಕೋಮಲಾ.

ಮರವರ್ಸ ಆ ಹೂ ಕೆರಿ ತುಂಬ ಅರಳಿದಾಗ ನೀ ಒಮ್ಮೆ ನನ್ನ ಮಾರಿ ನೋಡಿದ್ದಿ. ನಾ ಎಮ್ಮಿ ಕಡೆ ತಿರಗಿದ್ನಿ. ಗೊತ್ತಿಲ್ಲಧಂಗ ಇದ್ರ ಸೊಸಿಗಿ ನಾಚಿಕಿ ತಪ್ಪತೈತಿ ಅಂತ ತಿಳದ್ನಿ. ಹೆತ್ತ ಮಗಾ ಭರತಗೂ ಹೇಳಿಲ್ಲ. ನಿನಗ ಹಗರ ಆಗಲಿ ಅಂತ ನಾ ಸುಳ್ಳ ಹೇಳಿದ್ರ, ನೀ ಈ ಪೂರಾ ಕೆರಿ ಒಬ್ಬಾಕಿನ ಹೊತ್ತಿ.

ಎಲ್ಲಿ ಹೊಂಟಿ? ಕೋಮಲಾ. ಕುಡಗೋಲ ಬ್ಯಾಡಂದ್ನಿ… ಮುಗಿಯೂದಿಲ್ಲ ಅದು. ನನ್ನ ಕಾಲಕ್ಕೂ ಇಲ್ಲ, ನಿನ್ನ ಕಾಲಕ್ಕೂ ಇಲ್ಲ.

ತಡಿ. ತಡಿ ಸ್ವಲ್ಪ, ಸೀರಿ ಎತ್ತಿ ಕಟಗೋತೀನಿ. ಆ ಗಂಟಿನ್ಯಾಗ ಭಕ್ರಿ ಇಲ್ಲ, ಎಮ್ಮಿ ಹಗ್ಗ ಐತಿ. ಒಂದ ತುದಿ ನಿನ್ನ ನಡಕ್ಕ ಕಟಗೋ. ಇನ್ನೊಂದ ತುದಿ ನನ್ನ ನಡಕ್ಕ ಇರ್ಲಿ.