ಬೊಂಗ್‌ಸುನಳ ಶಿಳ್ಳೆ

ಕೊರಿಯಾದ ಜೇಜು ದ್ವೀಪದ ಹಲ್ಲಿನ ಆಸ್ಪತ್ರೆಯಲ್ಲಿ ಸರದಿಗೆ ಕಾಯುತ್ತಿದ್ದ ಗಿಬಮ್‌ನ ಕೆನ್ನೆ ಊದಿ ಬಾಯಿ ತೆರೆಯಲಾಗುತ್ತಿರಲಿಲ್ಲ. ಕಿವಿಯಂತೂ ತೆರೆದೇ ಇತ್ತು. ಪಕ್ಕದ ಬೆಂಚಿನಲ್ಲಿ ಕಡಲಲ್ಲಿ ಮುಳುಗಿ ಚಿಪ್ಪು ತರುವ ಇಬ್ಬರು ಮುದುಕಿಯರು. ಹಿರಿಯಳಾದ ಬೊಂಗ್‌ಸುನಳ ಮುಂದಿನ ಮೂರು ಹಲ್ಲು ಕಿತ್ತು ವಾರವಾಗಿತ್ತು.

“ಮನೇಲಿ ಸುಮ್ನೆ ಮಲಗಿದ್ಯಾ ಅಕ್ಕಾ?” ಎಂದಳು ಕಿರಿಯಳು, ಚುನೋಕ್.

“ಮಲಗ್ದೆ, ಗಂಜಿ ಕುಡ್ದೆ, ಶಿಳ್ಳೆ ಹಾಕಿ ನೋಡ್ದೆ.”

“ಬಾಯಿ ಊದಬೇಡ ಅಂತ ಡಾಕ್ಟ್ರು ಹೇಳಿರ್ಲಿಲ್ವಾ? ಮೊಂಡು ಮುದುಕಿ!”

“ಬರೀ ಗಾಳಿ ಬಂತು ಕಣೇ.”

“ಗಾಯ ಮಾಗ್ಲಿ, ಬರತ್ತೆ.”

“ಹಲ್ಲು ಬರತ್ತಾ?”

“ಕಟ್ಟಿಸ್ಕೊ.”

“ವಸಡು ತಡೆಯಲ್ವಂತೆ. ಕೇಳಿ ಆಯ್ತು.”

ಬೊಂಗ್‌ಸುನ್ ಅವಳತ್ತ ತಿರುಗಿ ಕುಳಿತಳು.

“ನಾನು ನೀರಿಂದ ಮೇಲೆ ಬಂದು ಶಿಳ್ಳೆ ಹಾಕಿದ್ಮೇಲೆ ತಾನೇ ನೀನು ಮುಳುಗೋದು? ಇನ್ಮೇಲೆ ಆ ಮಂಜಲ್ಲಿ ನಾನು ಬದುಕಿದೀನೋ ಇಲ್ವೋ, ನಿಂಗೆ ಹೇಗೆ ಗೊತ್ತಾಗತ್ತೆ?”

“ನಿನ್ನ ತಲೆ ಕಾಣೋವರೆಗೂ ನಾನು ಮೇಲೇ ಇರ್ತೀನಿ.”

“ಮಂಜಲ್ಲಿ ತಲೆ ಕಾಣತ್ತೇನೇ? ಬಿಡು. ನೀನು ಹೋಗು, ನಾನು ಮನೇಲಿರ್ತೀನಿ.”

“ಯಾರ ಜೊತೆ ಹೋಗ್ಲಿ? ಒಬ್ಬಳೇ ಇಳಿಯೋ ಹಾಗಿಲ್ಲ. ಊರಲ್ಲಿ ಮುಳುಗೋರು ಅಂತ ಉಳಿದಿರೋದೇ ನಾವಿಬ್ರು.”

ಅಷ್ಟರಲ್ಲಿ ನರ್ಸು ಬಾಗಿಲು ತೆರೆದು, ಹೊಲಿಗೆ ಬಿಚ್ಚಬೇಕು ಬನ್ನಿ ಎಂದು ಕರೆದಳು. ಬೊಂಗ್‌ಸುನ್ ಮಂಡಿ ಹಿಡಿದುಕೊಂಡು ಎದ್ದಳು.

“ನನ್ನ ಮೂರು ಹಲ್ಲಿಗೆ ನಿನ್ನ ಕಡಲೂ ಹೋಯ್ತಲ್ಲೇ.”

“ನನ್ನ ಬಾಯಲ್ಲಿ ಇಪ್ಪತ್ತೆಂಟೂ ಗಟ್ಟಿಯಾಗಿವೆ ಅಕ್ಕಾ. ಇದ್ದು ಏನ್ ಮಾಡ್ಲಿ?” ಎನ್ನುತ್ತ ಚುನೋಕ್ ಅವಳ ಹಿಂದೆಯೇ ಒಳಗೆ ಹೋದಳು.